ಬೆಳ್ಗೊಳದ ಶಿಲೆಗಳು ನುಡಿವ ನ್ಯಾಯ

ಬೆಂಗಳೂರಿನಿಂದ ಹಾಸನದತ್ತ ಸಾಗುವ ಹೆದ್ದಾರಿಯಲ್ಲಿ ಹಿರೀಸಾವೆಯನ್ನು ಮುಟ್ಟಿದ ಯಾತ್ರಿಕರನೇಕರು ಅಲ್ಲಿಂದ ಶ್ರವಣಬೆಳಗೊಳದ ದಾರಿ ಹಿಡಿದು, ವಿಂಧ್ಯಗಿರಿಯನ್ನೇರಿ, ಗೊಮ್ಮಟನಿಗೆ ಕೈಮುಗಿದು ಮರಳುತ್ತಾರೆ. ಎದುರಿನ ಚಂದ್ರಗಿರಿಯ ಬಂಡೆಗಳಲ್ಲಿ, ಪ್ರಾಚೀನ ಸಮಾಜವು ಸ್ತ್ರೀಗೆ ಕೊಟ್ಟುದೇನು, ಕೊಡದೆ ಹೋದುದೇನು ಎಂಬುದಕ್ಕೆ ಸಾಕ್ಷ್ಯವಾಗಿ ನಿಂತ ಅಕ್ಷರಗಳನ್ನು ಅರಸುವವರು ವಿರಳ.

ಗಂಗರ ಕಾಲದ ಅಲ್ಲಿನ ಒಂದು ಕಿರುಶಾಸನದಲ್ಲಿ ಚಿತ್ತೂರಿನ ಮೌನಿಗುರುಗಳ ಶಿಷ್ಯೆ ನಾಗಮತಿ ಗಂತಿಯರು ಮೂರು ತಿಂಗಳು ವ್ರತವನ್ನಾಚರಿಸಿ ದೇಹತ್ಯಾಗ ಮಾಡಿದರೆಂದಿದೆ. ಮುನಿಗಳ ಮರಣಸ್ಮಾರಕಗಳಾದ ನಿಸಿದಿಗಳಲ್ಲಿರುವಂತೆಯೇ ಇಲ್ಲಿಯೂ ಹೆಸರು, ಗುರು, ವ್ರತ, ಮರಣ, ಇಷ್ಟೇ. ಆಕೆ ಯಾರ ಮಗಳು, ಯಾರ ಮಡದಿ ಎಂಬ ಮಾತೇ ಇಲ್ಲ. ಸ್ತ್ರೀಜನ್ಮದಲ್ಲಿ ಮೋಕ್ಷವು ಲಭಿಸದೆಂದು ತತ್ತ್ವದಲ್ಲಿ ಸಾಧಿಸಿದ ದಿಗಂಬರ ಸಂಪ್ರದಾಯವೇ ಆಕೆಯ ಸಾಧನೆಯನ್ನು ಪುರುಷನ ಸಾಧನೆಯೊಡನೆ ಒಂದೇ ಮಾತಿನಲ್ಲಿ ಕೆತ್ತಿಸಿತೆಂಬುದು ನನಗೆ ಅತ್ಯಂತ ವಿಚಾರಾರ್ಹವಾಗಿ ತೋರುತ್ತದೆ.

ಊರೊಳಗಿನ ಅಕ್ಕನ ಬಸದಿಯನ್ನು 1181ರಲ್ಲಿ ಕಟ್ಟಿಸಿದ ಆಚಲದೇವಿಯ ಪತಿ, ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿ, ಶೈವ ಬ್ರಾಹ್ಮಣ; ಆದರೂ ಮಡದಿಯ ಜಿನಾಲಯಕ್ಕಾಗಿ ಅರಸನಲ್ಲಿ ಬಿನ್ನವಿಸಿ ಬಮ್ಮೆಯನಹಳ್ಳಿಯನ್ನು ದತ್ತಿಯಾಗಿ ಪಡೆದವನು ಅವನೇ. ಇದಕ್ಕೂ ಹಿಂದೆ ಕಲ್ಯಾಣದಲ್ಲಿ ವಿಜ್ಞಾನೇಶ್ವರನು, ವಿಭಕ್ತನಾಗಿ ಪುತ್ರಹೀನನಾಗಿ ತೀರಿದವನ ಆಸ್ತಿಗೆ ಪತ್ನಿಯೇ ಹಕ್ಕುದಾರಳೆಂದು ತನ್ನ ಧರ್ಮಶಾಸ್ತ್ರಗ್ರಂಥವಾದ ಮಿತಾಕ್ಷರದಲ್ಲಿ ಪ್ರತಿಪಾದಿಸಿದ್ದನು. ಆದರೆ ಇದು ಒಡೆತನವುಳ್ಳವರ ಮಾತು. ಆ ಬಸದಿಯ ಹೊಲಗಳಲ್ಲಿ ನಾಟಿ ಮಾಡಿದ ಹೆಂಗಸಿನ ಹೆಸರನ್ನು ಯಾವ ದಾನಶಾಸನವೂ ಹೇಳದು. ಆ ಕಾಲವನ್ನು ಸ್ವರ್ಣಯುಗವೆಂದು ಹೊಗಳುವ ಮೊದಲು ಇದನ್ನು ನೆನೆಯಬೇಕು.

ಸ್ತ್ರೀಯ ಪ್ರಶ್ನೆಯಂತೆಯೇ ಕುಲದ ಪ್ರಶ್ನೆಗೂ ಶಿಲೆಗಳಲ್ಲಿ ಉತ್ತರವನ್ನು ಅರಸುವವರು ಬೆಳ್ಗೊಳದ 1368ರ ಶಾಸನವನ್ನು ಓದಬೇಕು. ವೈಷ್ಣವರಿಂದ ತಮಗೆ ಅನ್ಯಾಯವಾಯಿತೆಂದು ಜೈನರು ದೂರಿದಾಗ, ವಿಜಯನಗರದ ಬುಕ್ಕರಾಯನು ಎರಡು ದರ್ಶನಗಳಿಗೂ ಭೇದವಿಲ್ಲವೆಂದು ಹೇಳಿ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿರಿಸಿದನು. ಆ ವೈಷ್ಣವರ ಪಟ್ಟಿಯಲ್ಲಿ ಆಚಾರ್ಯರ ಜೊತೆಗೆ, ಮುಂದೆ ಅಸ್ಪೃಶ್ಯರೆಂದು ದೂರವಿಡಲ್ಪಟ್ಟ ತಿರುಕುಲ, ಜಾಂಬವಕುಲಗಳೂ ಇವೆ. ಕೊಟ್ಟ ಮಾತಿಗೆ ಹೊಣೆಗಾರರೆಂದು ಅವರನ್ನೂ ಹೆಸರಿಸಲಾಗಿದೆ. ಇದು ಸಾಮಾನ್ಯ ಸಂಗತಿಯಲ್ಲ. ಆದರೆ ಬೆಳ್ಗೊಳಕ್ಕೆ ಇಪ್ಪತ್ತು ಮಂದಿ ಕಾವಲುಗಾರರನ್ನು ನೇಮಿಸುವ ವೆಚ್ಚಕ್ಕೆ ವರ್ಷಕ್ಕೊಂದು ಹಣವನ್ನು ತೆರಬೇಕಾದವು ಜೈನರ ಮನೆಗಳೇ: ನೊಂದವರೇ ತಮ್ಮ ರಕ್ಷಣೆಯ ಬೆಲೆಯನ್ನು ಕೊಡಬೇಕೆಂಬ ಈ ವಿಧಿಯನ್ನು ಪೂರ್ಣನ್ಯಾಯವೆನ್ನಲು ನನ್ನ ಮನಸ್ಸು ಒಪ್ಪದು.