ಮೂಲವ್ಯಾಧಿ ಎಂದು ಸುಮ್ಮನಾಗುವ ಮುನ್ನ

ಸಕ್ಕರೆ ಕಾಯಿಲೆಯ ಬಗ್ಗೆ ಮದುವೆ ಮನೆಯಲ್ಲೂ ಮಾತಾಡುವ ನಾವು, ಮಲದಲ್ಲಿ ರಕ್ತ ಕಂಡರೆ ಮಾತ್ರ ಗಂಡನಿಗೂ ಹೇಳುವುದಿಲ್ಲ. ಮೂಲವ್ಯಾಧಿ ಇರಬೇಕೆಂದು ಮಜ್ಜಿಗೆ ಕುಡಿದು, ಮುಲಾಮು ತರಿಸಿ ಸುಮ್ಮನಾಗುತ್ತೇವೆ. ಹೆಚ್ಚಿನ ಸಲ ಅದು ಮೂಲವ್ಯಾಧಿಯೇ ಆಗಿರುತ್ತದೆ, ನಿಜ. ಆದರೆ ದೊಡ್ಡ ಕರುಳಿನ ಕ್ಯಾನ್ಸರ್ ಕೂಡಾ ಇದೇ ವೇಷದಲ್ಲಿ ಬರಬಹುದು. ಯಾವುದೆಂದು ಹೇಳಬೇಕಾದುದು ಪರೀಕ್ಷೆ, ನಮ್ಮ ಊಹೆಯಲ್ಲ.

ಮಹಿಳೆಯರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಮುಟ್ಟು ನಿಂತ ಮೇಲೂ ರಕ್ತಹೀನತೆ, ಸುಸ್ತು ಕಾಡುತ್ತಿದ್ದರೆ ಬರೇ ಕಬ್ಬಿಣದ ಮಾತ್ರೆ ನುಂಗುತ್ತಾ ಕೂರಬಾರದು. ಕರುಳಿನಲ್ಲಿ ಕಣ್ಣಿಗೆ ಕಾಣದಂತೆ ರಕ್ತ ಸೋರುತ್ತಿರಬಹುದು.

ಈ ಕ್ಯಾನ್ಸರ್ ಹೆಚ್ಚಾಗಿ ಶುರುವಾಗುವುದು ಕರುಳಿನ ಒಳಪದರದಲ್ಲಿ ಮೂಡುವ ಪಾಲಿಪ್ ಎಂಬ ಸಣ್ಣ ಗಂಟಿನಿಂದ. ಎಲ್ಲಾ ಪಾಲಿಪ್‌ಗಳೂ ಕ್ಯಾನ್ಸರ್ ಆಗುವುದಿಲ್ಲ. ಆಗುವಂಥದ್ದಕ್ಕೂ ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಹಿಡಿಯುತ್ತದೆ. ಅಷ್ಟು ದಿನ ನೋವೂ ಇರುವುದಿಲ್ಲ. ಕ್ಯಾಮೆರಾ ಇರುವ ತೆಳ್ಳಗಿನ ಕೊಳವೆಯಿಂದ ಕರುಳನ್ನು ನೋಡುವ ಕೊಲೊನೊಸ್ಕೋಪಿಯಲ್ಲಿ ಪಾಲಿಪ್ ಕಂಡರೆ ಹೆಚ್ಚಾಗಿ ಅಲ್ಲೇ ಕತ್ತರಿಸಿ ತೆಗೆಯುತ್ತಾರೆ. ಅಂದರೆ ರೋಗ ಹುಟ್ಟುವ ಮೊದಲೇ ತಡೆದಂತಾಯಿತು! ಪರೀಕ್ಷೆಗಿಂತ ಹಿಂದಿನ ದಿನ ಹೊಟ್ಟೆ ಖಾಲಿಯಾಗಲು ಕುಡಿಯುವ ಔಷಧಿಯೇ ಕಷ್ಟ ಎನ್ನುವವರು ಹೆಚ್ಚು.

ಅಮೆರಿಕದ ಟಿವಿ ನಿರೂಪಕಿ ಕೇಟಿ ಕ್ಯೂರಿಕ್‌ರ ಪತಿ 1998ರಲ್ಲಿ ತಮ್ಮ 42ನೇ ವಯಸ್ಸಿನಲ್ಲಿ ಈ ಕಾಯಿಲೆಯಿಂದ ತೀರಿಕೊಂಡರು. ಇಬ್ಬರು ಪುಟ್ಟ ಹೆಣ್ಣು ಮಕ್ಕಳಿದ್ದರು. 2000ದಲ್ಲಿ ಕೇಟಿ ಸ್ವತಃ ಕೊಲೊನೊಸ್ಕೋಪಿ ಮಾಡಿಸಿಕೊಂಡು ಟಿವಿಯಲ್ಲಿ ತೋರಿಸಿದರು. ಆನಂತರ ಅಲ್ಲಿ ಪರೀಕ್ಷೆಗೆ ಬರುವವರ ಸಂಖ್ಯೆ ಏರಿತು, ಅವರಲ್ಲಿ ಮಹಿಳೆಯರ ಪಾಲೂ ಹೆಚ್ಚಿತು. ನಾವು ಊರಿಗೆಲ್ಲ ತೋರಿಸಬೇಕಾಗಿಲ್ಲ. ಡಾಕ್ಟರರಿಗೆ ಹೇಳಿದರೆ ಸಾಕು. ಹಯಾ ಇರಲಿ, ಆದರೆ ಅಗತ್ಯದ ಚಿಕಿತ್ಸೆಗೆ ಅದು ಅಡ್ಡಿಯಲ್ಲ. ಮಹಿಳಾ ವೈದ್ಯರು ಸಿಗುತ್ತಾರೆಯೇ ಎಂದು ಮೊದಲೇ ವಿಚಾರಿಸಬಹುದು.

ಅಮೆರಿಕದಲ್ಲಿ 2021ರಲ್ಲಿ ತಪಾಸಣೆಯ ವಯಸ್ಸನ್ನು 50ರಿಂದ 45ಕ್ಕೆ ಇಳಿಸಲಾಯಿತು. ನಮ್ಮ ಸರಕಾರದ ಕ್ಯಾನ್ಸರ್ ತಪಾಸಣೆಯಲ್ಲಿ ಬಾಯಿ, ಸ್ತನ ಮತ್ತು ಗರ್ಭಕೊರಳು ಮಾತ್ರ ಸೇರಿವೆ. ಆದ್ದರಿಂದ ನಾವಾಗಿಯೇ ಕೇಳಬೇಕು. ಮಲದಲ್ಲಿ ಅಡಗಿದ ರಕ್ತವನ್ನು ಪತ್ತೆ ಹಚ್ಚುವ ಸರಳ ಪರೀಕ್ಷೆಯೂ ಇದೆ. ಅದನ್ನು ವರ್ಷಕ್ಕೊಮ್ಮೆ ಮಾಡಿಸಬೇಕು. ರಕ್ತ ಕಂಡುಬಂದರೆ ಕೊಲೊನೊಸ್ಕೋಪಿ ತಪ್ಪಿಸುವಂತಿಲ್ಲ.

ಊಟದ ವಿಷಯ. ಸಾಸೇಜ್, ಸಲಾಮಿಯಂಥ ಸಂಸ್ಕರಿತ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗವು 2015ರಲ್ಲಿ ಕ್ಯಾನ್ಸರ್‌ಕಾರಕಗಳ ಪಟ್ಟಿಗೆ ಸೇರಿಸಿತು. ಕುರಿ, ದನದ ಮಾಂಸವನ್ನು ‘ಬಹುಶಃ ಕಾರಕ’ ಎಂದಿತು. ಈದ್‌ನ ಬಿರಿಯಾನಿ ಬಿಡಬೇಕಾಗಿಲ್ಲ. ದಿನವೂ ಮಾಂಸ ಬೇಡ. ರಾಗಿ, ಸೊಪ್ಪು, ಕಾಳು ಹೆಚ್ಚಿರಲಿ. ನಡಿಗೆಯೂ ಬೇಕು.

ಹೆತ್ತವರಿಗೆ ಅಥವಾ ಒಡಹುಟ್ಟಿದವರಿಗೆ ಈ ಕ್ಯಾನ್ಸರ್ ಬಂದಿತ್ತೇ? ಯಾವ ವಯಸ್ಸಿನಲ್ಲಿ ಎಂದು ಮನೆಯ ಹಿರಿಯರಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ಅಂಥವರು 40ಕ್ಕೆ, ಇಲ್ಲವೇ ಆ ವಯಸ್ಸಿಗಿಂತ ಹತ್ತು ವರ್ಷ ಮೊದಲು, ಯಾವುದು ಬೇಗ ಬರುತ್ತದೋ ಆಗ ತಪಾಸಣೆ ಶುರು ಮಾಡಬೇಕು.