ಬಾವುಟ ಬೇರೆ, ಸುಂಕ ಬೇರೆ

ಇಬ್ಬರು ಕನ್ನಡಿಗರನ್ನು ಊಹಿಸಿಕೊಳ್ಳಿ. ಇಬ್ಬರದೂ ಭಾರತದ ಪಾಸ್‌ಪೋರ್ಟ್. ಒಬ್ಬರು ದುಬೈನಲ್ಲಿ ಮನೆ ಮಾಡಿದ್ದಾರೆ, ಇನ್ನೊಬ್ಬರು ನೆದರ್‌ಲೆಂಡ್ಸ್‌ನಲ್ಲಿ ನೆಲೆಸಿದ್ದಾರೆ. ಇಬ್ಬರೂ ಟರ್ಕಿಯ ಮಾರ್ಮರಿಸ್ ಬಂದರಿನಲ್ಲಿ ಒಂದೇ ಬೆಲೆಗೆ ಒಂದೇ ಬಗೆಯ ಹಾಯಿದೋಣಿ ಕೊಳ್ಳುತ್ತಾರೆ, ಯುರೋಪಿಯನ್ ಒಕ್ಕೂಟದ ಹೊರಗಿನ ಒಂದೇ ದೇಶದಲ್ಲಿ ನೋಂದಾಯಿಸುತ್ತಾರೆ, ಎದುರಿಗಿರುವ ಗ್ರೀಸಿನ ರೋಡ್ಸ್ ದ್ವೀಪಕ್ಕೆ ಹಾಯಿ ಬಿಚ್ಚುತ್ತಾರೆ. ದುಬೈನವರ ದೋಣಿ ಒಂದು ಪೈಸೆ ತೆರಿಗೆ ಕಟ್ಟದೆ ಹದಿನೆಂಟು ತಿಂಗಳು ಒಕ್ಕೂಟದ ನೀರಿನಲ್ಲಿ ತಿರುಗಾಡಬಹುದು. ನೆದರ್‌ಲೆಂಡ್ಸ್‌ನವರಿಗೆ ಈ ರಿಯಾಯಿತಿ ಇಲ್ಲ. ಅವರ ದೋಣಿ ಆಮದು ಸರಕು. ಗ್ರೀಸಿನಲ್ಲೇ ಆಮದು ಮಾಡಿಸಿದರೆ ಅಲ್ಲಿನ ವ್ಯಾಟ್ ಶೇಕಡಾ 24. ಒಂದು ಲಕ್ಷ ಯೂರೊ ಬೆಲೆಯ ದೋಣಿಗೆ 24,000 ಯೂರೊ, ಅದರ ಜೊತೆಗೆ ಸಣ್ಣ ಪ್ರಮಾಣದ ಕಸ್ಟಮ್ಸ್ ಸುಂಕ. ದೋಣಿ ಒಂದೇ, ಬಾವುಟ ಒಂದೇ, ಪಾಸ್‌ಪೋರ್ಟೂ ಒಂದೇ. ಲೆಕ್ಕಕ್ಕೆ ಬಂದದ್ದು ಅವರ ಮನೆ ಎಲ್ಲಿದೆ ಎಂಬ ಸಂಗತಿ ಮಾತ್ರ. ಪರದೇಶದಲ್ಲಿ ಸ್ವಂತಕ್ಕೊಂದು ವಿಹಾರದೋಣಿ ಇಟ್ಟುಕೊಳ್ಳಲು ಹೊರಟವರು ಎಡವುವುದು ಹೆಚ್ಚಾಗಿ ಇಲ್ಲೇ. ನೋಂದಣಿ ಆಯಿತೆಂದರೆ ಎಲ್ಲವೂ ಆಯಿತು ಎಂದು ಅವರು ನಂಬಿರುತ್ತಾರೆ. ನೋಂದಣಿ ದೋಣಿಗೆ ರಾಷ್ಟ್ರೀಯತೆ ಕೊಡುತ್ತದೆ; ಸುಂಕದ ಪ್ರಶ್ನೆಯನ್ನು ಅದು ಮುಟ್ಟುವುದೇ ಇಲ್ಲ. ಇವೆರಡನ್ನೂ ಬೇರೆ ಬೇರೆ ಇಟ್ಟಿರುವ ಕಾನೂನು ಸರಿಯಾದದ್ದೇ ಎಂಬುದು ನನ್ನ ವಾದ. ತೊಡಕಿರುವುದು, ಆ ಬೇರ್ಪಡಿಕೆಯನ್ನು ಸಾಬೀತು ಮಾಡುವ ಹೊರೆಯನ್ನು ಅದು ಯಾರ ತಲೆಗೆ ಕಟ್ಟಿದೆ ಎಂಬುದರಲ್ಲಿ.

ಮೊದಲು ಬಾವುಟದ ವಿಚಾರ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 91ನೇ ವಿಧಿಯ ಪ್ರಕಾರ, ತನ್ನ ಬಾವುಟವನ್ನು ಯಾವ ಹಡಗಿಗೆ ಯಾವ ಷರತ್ತಿನ ಮೇಲೆ ಕೊಡಬೇಕೆಂದು ಆಯಾ ದೇಶವೇ ತೀರ್ಮಾನಿಸುತ್ತದೆ. ಹಡಗಿಗೂ ದೇಶಕ್ಕೂ ನಿಜವಾದ ನಂಟಿರಬೇಕು ಎನ್ನುತ್ತದೆಯಾದರೂ ಆ ನಂಟು ಎಂಥದ್ದೆಂದು ವಿವರಿಸುವುದಿಲ್ಲ. 92ನೇ ವಿಧಿ ಹೆಚ್ಚು ಖಡಾಖಂಡಿತ. ಒಂದು ಹಡಗಿಗೆ ಒಂದೇ ಬಾವುಟ. ಅನುಕೂಲಕ್ಕೆ ತಕ್ಕಂತೆ ಎರಡನ್ನು ಬಳಸುವ ಹಡಗನ್ನು ರಾಷ್ಟ್ರೀಯತೆಯೇ ಇಲ್ಲದ ಹಡಗಿಗೆ ಸಮನಾಗಿ ಕಾಣಬಹುದು. ಬಾವುಟ ಕೊಡುವ ಹಕ್ಕು ಆಯಾ ದೇಶದ್ದೇ ಎಂಬ ತತ್ತ್ವದ ಹಿಂದಿರುವ ಒಂದು ಹಳೆಯ ಮೊಕದ್ದಮೆ ನಮ್ಮ ಅರಬ್ಬೀ ಸಮುದ್ರದ್ದೇ. ಒಮಾನಿನ ಸೂರ್ ಬಂದರಿನ ಕೆಲವು ಹಡಗು ಮಾಲೀಕರು ಮಸ್ಕತ್ ಸುಲ್ತಾನನ ಪ್ರಜೆಗಳು, ಆದರೆ ಅವರ ಹಾಯಿಹಡಗುಗಳ ಮೇಲೆ ಹಾರುತ್ತಿದ್ದದ್ದು ಫ್ರಾನ್ಸಿನ ಬಾವುಟ. ಆ ಬಾವುಟವಿದ್ದರೆ ಗುಲಾಮರ ಸಾಗಣೆಯನ್ನು ತಡೆಯಲು ಕಾವಲಿದ್ದ ಬ್ರಿಟಿಷ್ ನೌಕೆಗಳು ಹಡಗನ್ನು ತಪಾಸಣೆ ಮಾಡುವುದು ಕಷ್ಟವಾಗುತ್ತಿತ್ತು. ಬ್ರಿಟನ್ ಮತ್ತು ಫ್ರಾನ್ಸ್ ಈ ಜಗಳವನ್ನು ಹೇಗ್‌ನ ಪಂಚಾಯ್ತಿ ನ್ಯಾಯಮಂಡಳಿಗೆ ಒಯ್ದವು. ಬಾವುಟ ಯಾರಿಗೆ ಕೊಡಬೇಕೆಂಬುದು ಪ್ರತಿಯೊಂದು ಸಾರ್ವಭೌಮ ದೇಶದ ಹಕ್ಕು ಎಂದು 1905ರಲ್ಲಿ ಮಂಡಳಿ ಎತ್ತಿಹಿಡಿಯಿತು. ಆದರೆ ಗುಲಾಮ ವ್ಯಾಪಾರದ ವಿರುದ್ಧದ ಒಪ್ಪಂದಕ್ಕೆ ಫ್ರಾನ್ಸ್ ಸಹಿ ಹಾಕಿದ್ದರಿಂದ, 1892ರ ನಂತರ ಹೀಗೆ ಹೊಸದಾಗಿ ಬಾವುಟ ಹಂಚುವುದಕ್ಕೆ ಅದಕ್ಕೆ ಮಿತಿಯುಂಟು ಎಂದೂ ಹೇಳಿತು. ಸಮುದ್ರದ ನಡುವೆ ಈ ದೋಣಿಗೆ ಯಾವ ದೇಶ ಹೊಣೆ ಎಂದು ಬಾವುಟ ತಿಳಿಸುತ್ತದೆ. ಅದರ ಕೆಲಸ ಅಷ್ಟೇ, ಆದರೆ ಆ ಕೆಲಸ ಸಣ್ಣದಲ್ಲ. ದೋಣಿಯ ರೇಡಿಯೊಗೆ ಕೊಡುವ ಒಂಬತ್ತು ಅಂಕಿಯ ಗುರುತಿನ ಸಂಖ್ಯೆಯ ಮೊದಲ ಮೂರು ಅಂಕಿಗಳು ಬಾವುಟದ ದೇಶವನ್ನೇ ಸೂಚಿಸುತ್ತವೆ. ಭಾರತಕ್ಕೆ 419, ಬ್ರಿಟನ್ನಿಗೆ 232ರಿಂದ 235. ಬಾವುಟ ಬದಲಿಸಿ ರೇಡಿಯೊ ಸಂಖ್ಯೆ ಬದಲಿಸದವರು ಅಪಾಯದಲ್ಲಿ ಗುಂಡಿ ಒತ್ತಿದರೆ, ಆ ಕರೆ ಹಳೆಯ ದೇಶದ ಹಳೆಯ ದಾಖಲೆಯತ್ತ ಬೆರಳು ತೋರಿಸುತ್ತದೆ.

ಇಷ್ಟೆಲ್ಲ ಹೊಣೆ ಹೊತ್ತರೂ ನೋಂದಣಿ ಪತ್ರವು ಎಲ್ಲ ಕಡೆಯೂ ಒಡೆತನದ ಪುರಾವೆಯೂ ಅಲ್ಲ. ಬ್ರಿಟನ್ನಿನಲ್ಲಿ 24 ಮೀಟರಿಗಿಂತ ಚಿಕ್ಕ ದೋಣಿಗಳಿಗೆ ಸಣ್ಣ ಹಡಗುಗಳ ನೋಂದಣಿ ಪುಸ್ತಕ ಎಂಬ ಸುಲಭದ ದಾರಿಯಿದೆ. ಅಲ್ಲಿ ವಾಸವಿದ್ದವರಿಗೆ ಅದು ಅಗ್ಗವಾಗಿ, ಬೇಗನೆ ಬಾವುಟ ಕೊಡುತ್ತದೆ, ಆದರೆ ದೋಣಿ ನಿಮ್ಮದೇ ಎಂದು ಖಾತರಿ ಕೊಡುವುದಿಲ್ಲ. ಮಾರಾಟ ಪತ್ರಗಳನ್ನು ಪರಿಶೀಲಿಸಿ ಹಕ್ಕನ್ನು ದಾಖಲಿಸುವ, ಸಾಲದ ಅಡವನ್ನೂ ಬರೆದುಕೊಳ್ಳುವ ನೋಂದಣಿ ಅಲ್ಲಿ ಬೇರೆಯೇ ಇದೆ. ಒಡೆತನಕ್ಕೇ ಸಾಕ್ಷಿಯಾಗದ ಕಾಗದ ತೆರಿಗೆಗೆ ಸಾಕ್ಷಿಯಾಗುವುದು ಹೇಗೆ?

ಸುಂಕದ ವಿಚಾರದಲ್ಲಿ ಯುರೋಪಿಯನ್ ಒಕ್ಕೂಟ ಕೇಳುವ ಪ್ರಶ್ನೆಯೇ ಬೇರೆ. ಈ ದೋಣಿ ಒಕ್ಕೂಟದ ಸರಕೋ, ಹೊರಗಿನ ಸರಕೋ? ಒಕ್ಕೂಟದೊಳಗೆ ವ್ಯಾಟ್ ಕಟ್ಟಿ ಕೊಂಡಿದ್ದರೆ, ಅಥವಾ ಹೊರಗಿನಿಂದ ತಂದು ಸುಂಕ, ವ್ಯಾಟ್ ಎರಡನ್ನೂ ಕಟ್ಟಿದ್ದರೆ, ಅದು 27 ದೇಶಗಳಲ್ಲಿ ತಡೆಯಿಲ್ಲದೆ ಓಡಾಡಬಹುದು. ಈ ಸ್ಥಾನಮಾನ ದೋಣಿಗೆ ಅಂಟಿಕೊಂಡದ್ದಾದರೂ ಶಾಶ್ವತವಲ್ಲ. ಒಕ್ಕೂಟ ಬಿಟ್ಟು ಹೊರಟ ದೋಣಿಯನ್ನು ಸಾಮಾನ್ಯವಾಗಿ ಮೂರು ವರ್ಷದೊಳಗೆ ವಾಪಸು ತರಬೇಕು, ಇಲ್ಲವಾದರೆ ಮತ್ತೆ ತೆರಿಗೆಯ ಪ್ರಶ್ನೆ ಏಳುತ್ತದೆ. ನಿಧಾನವಾಗಿ ಭೂಮಿ ಸುತ್ತಲು ಹೋದವರಿಗೆ ಈ ಅವಧಿ ಸಾಲದೆ ಹೋಗಬಹುದು. ಬಾವುಟಕ್ಕೂ ಈ ಸ್ಥಾನಮಾನಕ್ಕೂ ಸಂಬಂಧವಿಲ್ಲ ಎನ್ನುವುದನ್ನು ಬ್ರೆಕ್ಸಿಟ್‌ಗಿಂತ ಸ್ಪಷ್ಟವಾಗಿ ಯಾವುದೂ ತೋರಿಸಿಲ್ಲ. ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಿಂದ ಹೊರಬಂದ 2020ರ ಡಿಸೆಂಬರ್ 31ರ ರಾತ್ರಿ ಗ್ರೀಸಿನಲ್ಲೋ ಸ್ಪೇನಿನಲ್ಲೋ ತಂಗಿದ್ದ, ತೆರಿಗೆ ಕಟ್ಟಿದ ಬ್ರಿಟಿಷ್ ದೋಣಿ ಒಕ್ಕೂಟದ ಸರಕಾಗಿಯೇ ಉಳಿಯಿತು. ಅದೇ ರಾತ್ರಿ ಸೌತಾಂಪ್ಟನ್ನಿನಲ್ಲಿ ಕಟ್ಟಿದ್ದ ದೋಣಿ, ಅಷ್ಟೇ ತೆರಿಗೆ ಕಟ್ಟಿದ್ದರೂ, ಬೆಳಗಾಗುವಷ್ಟರಲ್ಲಿ ಒಕ್ಕೂಟದ ಮಟ್ಟಿಗೆ ಹೊರಗಿನ ಸರಕಾಯಿತು. ಎರಡರ ಹಿಂಬದಿಯಲ್ಲೂ ಹಾರುತ್ತಿದ್ದದ್ದು ಒಂದೇ ಕೆಂಪು ಬಾವುಟ.

ಇದು ನಮಗೆ ತೀರಾ ಹೊಸದೇನಲ್ಲ. ಪುದುಚೇರಿಯ ನಂಬರ್ ಪ್ಲೇಟ್ ಹೊತ್ತು ವರ್ಷಗಟ್ಟಲೆ ಬೆಂಗಳೂರಿನಲ್ಲೇ ಓಡುವ ದುಬಾರಿ ಕಾರುಗಳನ್ನು ಸಾರಿಗೆ ಇಲಾಖೆ ತಡೆದು ನಿಲ್ಲಿಸಿದಾಗ ಏಳುವುದೂ ಇದೇ ಪ್ರಶ್ನೆ. ನೋಂದಣಿ ಅಸಲಿ, ಕಾಗದವೂ ಸರಿ. ಆದರೆ ಕಾರು ಓಡುವುದು ಇಲ್ಲಿಯ ರಸ್ತೆಯಲ್ಲಿ, ಮಾಲೀಕರು ಬದುಕುವುದು ಇಲ್ಲಿಯ ಊರಿನಲ್ಲಿ. ಬಳಕೆಯ ಮೇಲಿನ ತೆರಿಗೆ ಬಳಸುವವನ ಊರಿಗೆ ಸಲ್ಲಬೇಕು ಎಂಬ ನ್ಯಾಯವನ್ನು ಒಪ್ಪಿದರೆ, ನೆದರ್‌ಲೆಂಡ್ಸ್‌ನ ಕನ್ನಡಿಗರಿಗೆ ತೆರಿಗೆ ಬಿದ್ದದ್ದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಅವರು ಅಲ್ಲಿನ ಆಸ್ಪತ್ರೆ, ಶಾಲೆ, ರಸ್ತೆ ಬಳಸುವವರು. ಅವರ ನೆರೆಯವರು ಅಂಥದೇ ದೋಣಿಯನ್ನು ಅಲ್ಲೇ ಶೇಕಡಾ 21ರ ವ್ಯಾಟ್ ತೆತ್ತು ಕೊಂಡಿರುತ್ತಾರೆ.

ಹಾಗಾದರೆ ದುಬೈನವರಿಗೇಕೆ ವಿನಾಯಿತಿ ಎಂದು ಯಾರಾದರೂ ಕೇಳಬಹುದು. ಹದಿನೆಂಟು ತಿಂಗಳು ಮುಗಿಯುವ ಮುನ್ನ ಟರ್ಕಿಗೋ ಟ್ಯುನೀಶಿಯಾಕ್ಕೋ ಹೋಗಿ, ಅಲ್ಲಿನ ಬಂದರಿನ ಚೀಟಿ ಪಡೆದು ಮರಳಿದರೆ ಹೊಸ ಅವಧಿ ಶುರುವಾಗುತ್ತದೆ. ಇದು ಕಣ್ಣಿಗೆ ಮಣ್ಣೆರಚುವ ಆಟವಲ್ಲವೇ? ಆಕ್ಷೇಪಕ್ಕೆ ತೂಕವಿದೆ. ಆದರೆ ಈ ವಿನಾಯಿತಿಯ ಷರತ್ತುಗಳನ್ನು ಓದಿದರೆ ಕಾನೂನು ಕಾಯುತ್ತಿರುವುದು ದಿನಗಳನ್ನಷ್ಟೇ ಅಲ್ಲ, ಮನುಷ್ಯನನ್ನು ಎಂಬುದು ತಿಳಿಯುತ್ತದೆ. ದೋಣಿ ಒಕ್ಕೂಟದ ಹೊರಗೆ, ಹೊರಗಿನ ನಿವಾಸಿಯ ಹೆಸರಿನಲ್ಲಿ ನೋಂದಣಿಯಾಗಿರಬೇಕು; ಅದನ್ನು ನಡೆಸುವವರೂ ಹೊರಗಿನ ನಿವಾಸಿಯೇ ಆಗಿರಬೇಕು. ದುಬೈನವರು ದೋಣಿಯನ್ನು ನೆದರ್‌ಲೆಂಡ್ಸ್‌ನ ಗೆಳೆಯರ ಕೈಗೆ ಕೊಟ್ಟು ತಾವು ಮನೆಗೆ ಹಾರಿಹೋದರೆ, ಗೆಳೆಯರು ಚುಕ್ಕಾಣಿ ಹಿಡಿದ ಕ್ಷಣವೇ ವಿನಾಯಿತಿ ಮುರಿಯುತ್ತದೆ. ಮಾಲೀಕರೇ ಒಕ್ಕೂಟದೊಳಗೆ ಇರುವಾಗ, ಅವರ ಸೂಚನೆಯಂತೆ ಅಪರೂಪಕ್ಕೊಮ್ಮೆ ನಡೆಸಬಹುದು, ಅಷ್ಟೇ. ಸಾಲದ್ದಕ್ಕೆ ಮಾಲೀಕರ ತಲೆಯ ಮೇಲೆ ಇನ್ನೊಂದು ಗಡಿಯಾರ ಓಡುತ್ತಿರುತ್ತದೆ. ಷೆಂಗೆನ್ ವೀಸಾ ಅವರಿಗೆ ಕೊಡುವುದು 180 ದಿನಗಳಲ್ಲಿ 90 ದಿನ ಮಾತ್ರ. ದೋಣಿ ಇರಬಹುದಾದಷ್ಟು ಕಾಲ ಅದರ ಯಜಮಾನರು ಅಲ್ಲಿರಲಾಗದು. ಬಂದು, ಬಂದರಿನಲ್ಲಿ ಬಾಡಿಗೆ ತೆತ್ತು, ದುರಸ್ತಿ ಮಾಡಿಸಿ, ಊಟ ಮಾಡಿ, ಹೊರಟುಹೋಗುವ ಅತಿಥಿಗೆ ಒಂದಿಷ್ಟು ಔದಾರ್ಯ ತೋರಿದರೆ ದ್ವೀಪದ ಸಣ್ಣ ಊರುಗಳಿಗೆ ನಷ್ಟವಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಮೂಲದ್ದು. ಇದೆಲ್ಲ ಶ್ರೀಮಂತರ ಶೋಕಿ, ಇದರ ನ್ಯಾಯಾನ್ಯಾಯ ನಮಗೇಕೆ? ನನಗೆ ಕಂಡಂತೆ ನಿಜ ಇದಕ್ಕೆ ತದ್ವಿರುದ್ಧವಾಗಿದೆ. ಕೋಟ್ಯಂತರ ಬೆಲೆಯ ನೌಕೆಗಳ ಒಡೆಯರಿಗೆ ಬಾವುಟ ಮತ್ತು ಸುಂಕದ ವ್ಯತ್ಯಾಸ ಚೆನ್ನಾಗಿ ಗೊತ್ತು. ಅವರ ವಕೀಲರು ಸುಂಕದ ಬದಿಯನ್ನೇ ಹಿಡಿದು ಕೆಲಸ ಮಾಡುತ್ತಾರೆ. ಮಾಲ್ಟಾದ ಉದಾಹರಣೆ ನೋಡಿ. ಅಲ್ಲಿನ ವ್ಯಾಟ್ ಶೇಕಡಾ 18. ಆದರೆ ಗುತ್ತಿಗೆಯ ಮೇಲೆ ಕೊಂಡ ನೌಕೆ ಒಕ್ಕೂಟದ ನೀರಿನಲ್ಲಿ ಎಷ್ಟು ಕಾಲ ಇರುತ್ತದೆಂದು ನಿಜವಾಗಿ ಎಣಿಸದೆ, ಉದ್ದ ನೋಡಿ ಅಂದಾಜು ಮಾಡುವ ಪದ್ಧತಿಯಿತ್ತು. 24 ಮೀಟರ್ ಮೀರಿದ ನೌಕೆಗೆ ಬೆಲೆಯ ಶೇಕಡಾ 30ರಷ್ಟರ ಮೇಲೆ ಮಾತ್ರ ತೆರಿಗೆ, ಅಂದರೆ ಒಟ್ಟಾರೆ ಶೇಕಡಾ 5.4. ದೊಡ್ಡದಾದಷ್ಟೂ ತೆರಿಗೆ ಕಡಿಮೆ! ಶ್ರೀಮಂತರ ತೆರಿಗೆ ತಪ್ಪಿಸುವ ದಾರಿಗಳನ್ನು ಬಯಲಿಗೆಳೆದ ಪ್ಯಾರಡೈಸ್ ಪೇಪರ್ಸ್ ಎಂಬ ಸೋರಿಕೆಯ ದಾಖಲೆಗಳು ಹೊರಬಿದ್ದ ಬಳಿಕ, 2018ರ ಮಾರ್ಚ್‌ನಲ್ಲಿ, ಮಾಲ್ಟಾ, ಸೈಪ್ರಸ್, ಗ್ರೀಸ್ ಮೂರರ ಮೇಲೂ ಯುರೋಪಿಯನ್ ಆಯೋಗ ನಿಯಮೋಲ್ಲಂಘನೆಯ ಕ್ರಮ ಶುರು ಮಾಡಿತು. ಬಾವುಟ, ಸುಂಕ ಎರಡನ್ನೂ ಗೊಂದಲ ಮಾಡಿಕೊಂಡು ಪೆಟ್ಟು ತಿನ್ನುವವರು ಇಂಥವರಲ್ಲ. ನಿವೃತ್ತಿಯ ಹಣದಲ್ಲಿ ಮೂವತ್ತು ನಲವತ್ತು ವರ್ಷ ಹಳೆಯ ದೋಣಿ ಕೊಂಡ ಶಾಲಾ ಮೇಷ್ಟರು, ದಾದಿಯರು, ಬಡಗಿಗಳು.

ಅಂಥವರಿಗೆ ತೆರಿಗೆಯಾಚೆಗೂ ಒಂದು ಗೋಡೆ ಎದುರಾಗುತ್ತದೆ. ಒಕ್ಕೂಟದೊಳಗೆ ಆಮದಾಗುವ ಎರಡೂವರೆ ಮೀಟರಿನಿಂದ 24 ಮೀಟರಿನವರೆಗಿನ ವಿಹಾರದೋಣಿ ಅಲ್ಲಿನ ಸುರಕ್ಷತಾ ನಿಯಮಕ್ಕೆ ಹೊಂದಬೇಕು, ಅದನ್ನು ಸಾರುವ ಸಿಇ ಮುದ್ರೆ ಪಡೆದಿರಬೇಕು. 1998ರ ಜೂನ್ 16ಕ್ಕೆ ಮುಂಚೆ ಒಕ್ಕೂಟದಲ್ಲಿ ಬಳಕೆಯಲ್ಲಿದ್ದ ದೋಣಿಗೆ ಇದರ ಕಾಟವಿಲ್ಲ. ಅದಕ್ಕೂ ಹಿಂದೆ ಅಮೆರಿಕದಲ್ಲಿ ಕಟ್ಟಿ, ಈಗ ಮೊದಲ ಸಲ ಆಮದಾಗುತ್ತಿರುವ ದೋಣಿಯನ್ನಾದರೆ ಮಾನ್ಯತೆ ಪಡೆದ ಸಂಸ್ಥೆಯಿಂದ ಹೊಸದಾಗಿ ಪರೀಕ್ಷೆ ಮಾಡಿಸಬೇಕು. ತೇಲುವ ಸಮತೋಲ, ಇಂಜಿನ್ನಿನ ಹೊಗೆ, ಗ್ಯಾಸ್ ಕೊಳವೆ, ವಿದ್ಯುತ್ ಜೋಡಣೆ, ಮಾಲೀಕರ ಕೈಪಿಡಿ, ಎಲ್ಲಕ್ಕೂ ಕಾಗದ ಬೇಕು. ಅಗ್ಗವೆಂದು ಕೊಂಡ ದೋಣಿಗೆ ಈ ಪರೀಕ್ಷೆಯ ಖರ್ಚೇ ಭಾರವಾಗಬಹುದು. ಆದ್ದರಿಂದ ಮುಂಗಡ ಕೊಡುವ ಮೊದಲೇ ಕೇಳಬೇಕಾದ ಕಾಗದಗಳಲ್ಲಿ ನೋಂದಣಿ ಪತ್ರ ಮೊದಲನೆಯದಲ್ಲ. ವ್ಯಾಟ್ ಕಟ್ಟಿದ ಮೂಲ ರಸೀದಿ ಅಥವಾ ಆಮದಿನ ದಾಖಲೆ, ಒಕ್ಕೂಟದ ಸರಕೆಂದು ದೃಢಪಡಿಸುವ ಟಿ2ಎಲ್ ಪತ್ರ, ಸಿಇ ಘೋಷಣೆ, ಮಾರಾಟ ಪತ್ರಗಳ ಸರಣಿ, ಇವು ಕೈಗೆ ಬಂದ ಮೇಲೆ ಬಾವುಟದ ಮಾತು. ಹಳೆಯ ದೇಶದ ಪುಸ್ತಕದಿಂದ ದೋಣಿಯ ಹೆಸರು ಹೊಡೆದುಹಾಕಿದ ಪತ್ರವಿಲ್ಲದೆ ಹೊಸ ಬಾವುಟ ಏರಿಸುವುದಂತೂ 92ನೇ ವಿಧಿಯ ಜೊತೆ ಜೂಜಾಡಿದಂತೆ. ಮುಂದೊಂದು ದಿನ ಅದೇ ದೋಣಿಯನ್ನು ಕಾರವಾರಕ್ಕೋ ಮಂಗಳೂರಿಗೋ ತಂದು ಉಳಿಸಿಕೊಳ್ಳುವ ಆಸೆಯಿದ್ದವರು, 2025ರ ಸೆಪ್ಟೆಂಬರ್ 22ರಿಂದ ಭಾರತದಲ್ಲಿ ವಿಹಾರ ನೌಕೆಗಳ ಜಿಎಸ್‌ಟಿ ಶೇಕಡಾ 40 ಆಗಿದೆ, ಆಮದಾದರೆ ಕಸ್ಟಮ್ಸ್ ಸುಂಕ ಬೇರೆ ಎಂಬುದನ್ನೂ ಲೆಕ್ಕದಲ್ಲಿಡಬೇಕು. ಯುರೋಪಿನಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿ ವಜಾ ಮಾಡಿಕೊಳ್ಳಲು ಬರುವುದಿಲ್ಲ.

ಕಾನೂನಿನ ತತ್ತ್ವವನ್ನು ಒಪ್ಪುವ ನಾನು ಒಪ್ಪದ ಸಂಗತಿ ಸಾಬೀತಿನ ಹೊರೆ. 1985ಕ್ಕಿಂತ ಮುಂಚಿನ ದೋಣಿಗಳು 1992ರ ಕೊನೆಯ ರಾತ್ರಿ ಒಕ್ಕೂಟದ ಬಂದರಿನಲ್ಲಿದ್ದರೆ ತೆರಿಗೆ ಕಟ್ಟಿದವೆಂದೇ ಪರಿಗಣಿಸುವ ಒಂದು ಉದಾರ ನಿಯಮವಿದೆ. ಆದರೆ ಆ ರಾತ್ರಿ ದೋಣಿ ಎಲ್ಲಿತ್ತೆಂದು ತೋರಿಸಬೇಕಾದವರು ಇಂದಿನ ಮಾಲೀಕರು. ಅವರು ಆ ದೋಣಿಯ ಐದನೆಯವರೋ ಆರನೆಯವರೋ ಆಗಿರಬಹುದು. ಮೂರು ದಶಕದ ಹಿಂದೆ ಯಾರೋ ತೆತ್ತ ಬಂದರು ಬಾಡಿಗೆಯ ಚೀಟಿಗಾಗಿ ಅವರು ಅಲೆಯಬೇಕು. ಒಮ್ಮೆ ತೆರಿಗೆ ಕಟ್ಟಿಸಿಕೊಂಡ ಆಡಳಿತವು ಆ ಸಂಗತಿಯನ್ನು ದೋಣಿಯ ಒಡಲ ಮೇಲೆ ಕೆತ್ತಿರುವ ಹದಿನಾಲ್ಕು ಅಕ್ಷರದ ಗುರುತಿನ ಸಂಖ್ಯೆಗೆ ಜೋಡಿಸಿ, 27 ದೇಶಗಳ ಕಸ್ಟಮ್ಸ್ ಕಚೇರಿಗಳಿಗೂ ಕಾಣುವಂತೆ ದಾಖಲಿಸಿದ್ದರೆ ಈ ಅಲೆದಾಟ ಬೇಕಿರಲಿಲ್ಲ. ಕಾರಿನ ಚಾಸಿ ಸಂಖ್ಯೆ ಹಾಕಿ ಅದರ ತೆರಿಗೆಯ ಚರಿತ್ರೆ ತೆಗೆಯುವ ಕಾಲದಲ್ಲಿ ಇದು ಆಗದ ಕೆಲಸವಲ್ಲ. ಹೊಸದಾಗಿ ಆಮದಾಗುವ ದೋಣಿಗಳಿಂದಲೇ ಶುರು ಮಾಡಬಹುದು, ಹಳೆಯವುಗಳನ್ನು ಮುಂದಿನ ಮಾರಾಟದ ಹೊತ್ತಿಗೆ ಸೇರಿಸಿಕೊಳ್ಳಬಹುದು.