ಕುಟ್ಟನಾಡಿನ ಗದ್ದೆಯಿಂದ ಎದ್ದ ಕಾಯಿದೆ

2025ರ ಜುಲೈ 21ರಂದು, 101ರ ವಯಸ್ಸಿನಲ್ಲಿ ತೀರಿಕೊಂಡ ಕೇರಳದ ಮಾಜಿ ಮುಖ್ಯಮಂತ್ರಿ, ಸಿಪಿಐ(ಎಂ) ನಾಯಕ ವಿ.ಎಸ್. ಅಚ್ಯುತಾನಂದನ್ ಅವರನ್ನು ಪಕ್ಷದೊಳಗಿನ ಬಂಡಾಯಗಾರ ಎಂದೇ ಹೆಚ್ಚಿನವರು ನೆನೆಯುತ್ತಾರೆ. ಅದೇ ಪಕ್ಷದ ನಾಯಕ ಪಿಣರಾಯಿ ವಿಜಯನ್ ಜೊತೆಗಿನ ದೀರ್ಘ ತಿಕ್ಕಾಟ, 2009ರಲ್ಲಿ ಮುಖ್ಯಮಂತ್ರಿಯಾಗಿದ್ದಾಗಲೇ ಪಕ್ಷದ ಪಾಲಿಟ್‌ಬ್ಯೂರೋದಿಂದ ಹೊರಬಿದ್ದದ್ದು ಎಲ್ಲವೂ ನಿಜ. ಆದರೂ ಅವರ ರಾಜಕೀಯ ಅರ್ಥವಾಗಬೇಕಾದರೆ ಇನ್ನೂ ಹಿಂದಕ್ಕೆ, ಭತ್ತದ ಗದ್ದೆಗೆ ಹೋಗಬೇಕು. ಆಲಪ್ಪುಳದ ಪುನ್ನಪ್ರದಲ್ಲಿ 1923ರಲ್ಲಿ ಹುಟ್ಟಿ, ಹನ್ನೊಂದು ತುಂಬುವ ಹೊತ್ತಿಗೆ ತಾಯಿತಂದೆ ಇಬ್ಬರನ್ನೂ ಕಳೆದುಕೊಂಡ ಹುಡುಗ ಏಳನೇ ತರಗತಿಗೆ ಶಾಲೆ ಬಿಟ್ಟ. ಅಣ್ಣನ ಹೊಲಿಗೆ ಅಂಗಡಿ, ಆಮೇಲೆ ಆಸ್ಪಿನ್‌ವಾಲ್ ಕಂಪನಿಯ ತೆಂಗಿನ ನಾರಿನ ಕಾರ್ಖಾನೆ. ಅಲ್ಲಿ ಸಂಘದ ಕೆಲಸ ಕಲಿತ ಯುವಕನನ್ನು ಕಮ್ಯುನಿಸ್ಟ್ ನಾಯಕ ಪಿ. ಕೃಷ್ಣ ಪಿಳ್ಳೈ ಕುಟ್ಟನಾಡಿಗೆ ಕಳಿಸಿದರು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ಆ ಗದ್ದೆಗಳಲ್ಲಿ ನಾಟಿ, ಕಳೆ, ಕೊಯ್ಲು ಎಲ್ಲವೂ ಭೂಮಿಯಿಲ್ಲದವರ ದುಡಿಮೆ. ಕೂಲಿ ಎಷ್ಟು, ಕೆಲಸ ಎಷ್ಟು ಹೊತ್ತು ಎಂಬುದನ್ನು ಜಮೀನ್ದಾರನ ಮರ್ಜಿಯಿಂದ ಬಿಡಿಸುವುದೇ ಅಲ್ಲಿ ಸಂಘ ಕಟ್ಟುವುದಾಗಿತ್ತು.

ಅರ್ಧ ಶತಮಾನ ಕಳೆದ ಮೇಲೂ ಅವರ ಲೆಕ್ಕ ಶುರುವಾಗುತ್ತಿದ್ದದ್ದು ಅದೇ ಗದ್ದೆಯಿಂದ. 1997ರಲ್ಲಿ ಕೃಷಿ ಕಾರ್ಮಿಕರ ಸಂಘ ಗದ್ದೆಗಳ ಪರಿವರ್ತನೆಯ ವಿರುದ್ಧ ಬೀದಿಗಿಳಿದು, ಭತ್ತದ ಜಾಗದಲ್ಲಿ ಬೆಳೆಸಿದ್ದ ಬೇರೆ ಬೆಳೆಗಳನ್ನು ಕಡಿದುಹಾಕಿದಾಗ ವಿ.ಎಸ್. ಅದರ ಮುಂದಾಳಾಗಿದ್ದರು. ಪತ್ರಿಕೆಗಳು ಛೀಮಾರಿ ಹಾಕಿದವು. ಕೂಲಿ ಏರಿಸಿದ ಸಂಘವೇ ಭತ್ತವನ್ನು ನಷ್ಟದ ಬೆಳೆ ಮಾಡಿತು, ಈಗ ರೈತ ಬೇರೆ ಬೆಳೆ ಹಿಡಿದರೆ ಅದನ್ನೂ ಕಡಿಯುವುದೇ ಎಂಬ ಪ್ರಶ್ನೆ ಹಗುರವಾದದ್ದಲ್ಲ. ನಿಂತ ಬೆಳೆಗೆ ಕತ್ತಿ ಹಾಕಿದ್ದು ತಪ್ಪೇ. ಸಣ್ಣ ಹಿಡುವಳಿದಾರನಿಗೆ ಅದು ವರ್ಷದ ಅನ್ನ. ಆದರೆ ಭತ್ತ ಬಿಡುವುದು ಮಾಲೀಕನೊಬ್ಬನ ಲೆಕ್ಕ ಎಂಬ ಭಾಗ ನಿಲ್ಲುವುದಿಲ್ಲ. ಗದ್ದೆಗೆ ಮಣ್ಣು ತುಂಬಿದರೆ ಮಾಲೀಕನಿಗೆ ನಿವೇಶನದ ಬೆಲೆ ಸಿಗುತ್ತದೆ, ನಾಟಿ ಮಾಡುತ್ತಿದ್ದವಳಿಗೆ ಏನೂ ಸಿಗುವುದಿಲ್ಲ. ಸುತ್ತಲಿನ ಬಾವಿಗಳ ನೀರೂ ಇಳಿಯುತ್ತದೆ. 1970ರ ದಶಕದ ಮಧ್ಯದಲ್ಲಿ 8 ಲಕ್ಷ ಹೆಕ್ಟೇರ್ ದಾಟಿದ್ದ ಕೇರಳದ ಭತ್ತದ ಪ್ರದೇಶ 2008ರ ಹೊತ್ತಿಗೆ 2.5 ಲಕ್ಷಕ್ಕೂ ಕೆಳಗಿಳಿದಿತ್ತು. ಗದ್ದೆ ಉಳಿಸುವ ಈ ಹಟವನ್ನು ವಿ.ಎಸ್. ಮುಪ್ಪಿನಲ್ಲಿ ಹಚ್ಚಿಕೊಂಡ ಪರಿಸರ ಕಾಳಜಿ ಎನ್ನುವವರು ಆ ಕೂಲಿಯವಳನ್ನು ಮರೆಯುತ್ತಾರೆ.

ಅವರು ಮುಖ್ಯಮಂತ್ರಿಯಾಗಿದ್ದಾಗ, 2008ರಲ್ಲಿ, ಗದ್ದೆ ಮತ್ತು ಜೌಗುಭೂಮಿಯ ಸಂರಕ್ಷಣಾ ಕಾಯಿದೆ ಬಂತು. ಕಾಯಿದೆ ಇಡೀ ಸರ್ಕಾರದ್ದು, ಒಬ್ಬರದಲ್ಲ ಎನ್ನಬಹುದು. ಒಪ್ಪೋಣ. ಹಾಗಿದ್ದರೂ ಹನ್ನೊಂದು ವರ್ಷ ಹಿಂದೆ ಕತ್ತಿ ಹಿಡಿದು ಕೇಳಿದ್ದನ್ನೇ ಈಗ ಕಾನೂನು ಹೇಳುತ್ತಿತ್ತು, ಅದೂ ಹೆಚ್ಚು ನ್ಯಾಯವಾಗಿ: ಬೇರೆ ಜಾಗವಿಲ್ಲದವರು ಹಳ್ಳಿಯಲ್ಲಿ 10 ಸೆಂಟ್ಸ್‌ವರೆಗಿನ ತಮ್ಮ ಗದ್ದೆಯನ್ನು ಮನೆಗೆ ಬಳಸಿಕೊಳ್ಳಲು ಅದರಲ್ಲಿ ಅವಕಾಶವಿತ್ತು. 2018ರಲ್ಲಿ ಅದೇ ಎಡರಂಗದ ಇನ್ನೊಂದು ಸರ್ಕಾರ ಕಾಯಿದೆಯನ್ನು ತಿದ್ದಿ, 2008ಕ್ಕೆ ಮೊದಲೇ ತುಂಬಿಸಿದ್ದ ಗದ್ದೆಗಳನ್ನು ಶುಲ್ಕ ಕಟ್ಟಿಸಿಕೊಂಡು ಸಕ್ರಮ ಮಾಡುವ ದಾರಿ ತೆರೆಯಿತು.